ಹೊಸ್ತಿಲ ಮೀನು

ನಜೀಹಾ ತೀರಿಕೊಂಡು ಎರಡು ತಿಂಗಳಾಯಿತು. ನಮ್ಮ ಓಣಿಯ ಹೆಂಗಸರು ಈಗಲೂ ಬಟ್ಟೆಯ ಮಾತು ಬಂದರೆ "ತಾಳು, ನಜೀಹಾನ್ನ ಕೇಳೋಣ" ಎಂದುಬಿಟ್ಟು, ಆಮೇಲೆ ಎತ್ತಲೋ ನೋಡುತ್ತಾರೆ. ಒಮಾನಿನ ಸೂರ್ ಪಟ್ಟಣದ ಈ ಕಡಲಂಚಿನ ಓಣಿಯಲ್ಲಿ ಅವಳು ಇಪ್ಪತ್ತೊಂದು ವರ್ಷ ಬಾಳಿದಳು. ಎಷ್ಟು ಮದುವೆಯ ಉಡುಪುಗಳನ್ನು ಹೊಲಿದಳೋ, ಎಷ್ಟು ಹೆಣ್ಣುಮಕ್ಕಳು ಅವಳ ಮುಂದೆ ಕೂತು ಕತ್ತರಿ ಹಿಡಿಯಲು ಕಲಿತರೋ, ಅದನ್ನು ಹೇಳುವವರು ಊರ ತುಂಬ ಇದ್ದಾರೆ. ಇಲ್ಲಿ ಹೇಳಹೊರಟಿರುವುದು ಅವಳ ಮೊದಲ ಐದು ದಿನಗಳ ಕಥೆ. ಆ ಐದು ದಿನ ತುಸು ಬೇರೆಯಾಗಿ ಕಳೆದಿದ್ದರೆ ಉಳಿದ ವರ್ಷಗಳು ನಮ್ಮ ಪಾಲಿಗೆ ಬರುತ್ತಲೇ ಇರಲಿಲ್ಲ. ಇದನ್ನು ಅವಳೇ ಎಷ್ಟೋ ಸಲ ಹೇಳಿ ನಕ್ಕಿದ್ದಾಳೆ. ಅವಳು ಹೇಳುವಾಗ ಗಂಡ ಶಾದ್ಲಿ ನಡುವೆ ಬಾಯಿ ಹಾಕಿ ತಿದ್ದುತ್ತಿದ್ದ. ಈಗ ಅವನು ತಿದ್ದುವುದಿಲ್ಲ, ಸುಮ್ಮನೆ ಕೇಳುತ್ತಾನೆ.

ಅವರಿಬ್ಬರೂ ಟುನೀಶಿಯಾದ ಸ್ಫಾಕ್ಸ್ ಊರಿನವರು. ಮದುವೆಯಾಗಿ ಏಳು ವಾರವಾಗಿತ್ತು. ಶಾದ್ಲಿಗೆ ಸೂರ್‌ನ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತ್ತು, ನಾಲ್ಕು ವರ್ಷದ ಕರಾರು. ನಜೀಹಾಳಿಗೂ ಸ್ಫಾಕ್ಸ್‌ನಲ್ಲಿ ಅವಳದೇ ಕೆಲಸವಿತ್ತು. ಹೆಣ್ಣುಮಕ್ಕಳ ಹೊಲಿಗೆ ಶಾಲೆಯಲ್ಲಿ ಟೀಚರು. ಅಲ್ಲಿನ ಮುಖ್ಯೋಪಾಧ್ಯಾಯಿನಿ ವಸೀಲಾ ಅವಳನ್ನು ಬೀಳ್ಕೊಡುವಾಗ ಹೇಳಿದ್ದರು: "ಹೋಗಿ ನೋಡು. ಬುಧವಾರದವರೆಗೂ ನಿನ್ನ ಕುರ್ಚಿ ಖಾಲಿ ಇಟ್ಟಿರ್ತೀನಿ. ಬರ್ತೀನಿ ಅಂತ ಫೋನ್ ಮಾಡಿದ್ರೆ ಸರಿ. ಇಲ್ಲಾಂದ್ರೆ ಬೇರೆಯವರನ್ನ ಕೂರಿಸ್ತೀನಿ, ಆಮೇಲೆ ನನ್ನ ಹತ್ರ ಅಳಬೇಡ."

ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡಿದ್ದರು. ಊರು ಹಿಡಿಸದಿದ್ದರೆ ಅವಳು ವಾಪಸು ಹೋಗುವುದು, ಅವನು ಕರಾರು ಮುಗಿಸಿ ಬರುವುದು; ಅದಕ್ಕಾಗಿ ಯಾರೂ ಮುನಿಸಿಕೊಳ್ಳಬಾರದು. ವಿಮಾನದಲ್ಲಿ ಈ ಮಾತಿಗೆ ಶಾದ್ಲಿ ದೊಡ್ಡ ಮನಸ್ಸಿನಿಂದ ತಲೆಯಾಡಿಸಿದ್ದ. ಮಸ್ಕತ್‌ನಿಂದ ಸೂರ್‌ವರೆಗೆ ಕಲ್ಲುದಾರಿಯಲ್ಲಿ ಜೀಪು ಕುಲುಕುವಾಗ ಅವಳ ಮುಖ ನೋಡಿ, ಅಷ್ಟು ಬೇಗ ತಲೆಯಾಡಿಸಬಾರದಿತ್ತು ಎನಿಸಿತು.

ಶನಿವಾರ ಮಧ್ಯಾಹ್ನ ಬಂದಿಳಿದರು. ಸೆಪ್ಟೆಂಬರಿನ ಜಿಗುಟು ಸೆಕೆ. ಎರಡು ಕೋಣೆ, ಒಂದು ಅಂಗಳ, ನೀಲಿ ಬಾಗಿಲು. ಪೆಟ್ಟಿಗೆಯ ಹಗ್ಗ ಬಿಚ್ಚುವ ಮೊದಲೇ ಎದುರು ಮನೆಯ ಮುಜ್ನಾ ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಖರ್ಜೂರದ ತಟ್ಟೆ ಹಿಡಿದು ಒಳಗೆ ಬಂದು ಚಾಪೆ ತಾನೇ ಬಿಡಿಸಿ ಕೂತಳು. ಐವತ್ತೈದರ ಹೆಂಗಸು. ಗಂಡ ಖಲ್ಫಾನ್ ಮೀನುಗಾರ. ಅವಳ ದನಿ ಓಣಿಯ ಆ ಕೊನೆಗೂ ಕೇಳುವಂಥದ್ದು.

"ಇಬ್ಬರೂ ಇಷ್ಟು ಒಣಗಿದೀರಲ್ಲ, ನಿಮ್ಮೂರಲ್ಲಿ ಒಲೆಗಿಲೆ ಇಲ್ವಾ?"

"ಒಲೆ ಇದೆ ಖಾಲಾ, ಇವಳು ಹತ್ತಿಸೋದೇ ಕಡಿಮೆ," ಎಂದ ಶಾದ್ಲಿ, ಅವಳನ್ನು ಚಿಕ್ಕಮ್ಮನೆಂದು ಕರೆಯುತ್ತ.

"ನೋಡು ನೋಡು, ಮದುಮಗಳ ಮೇಲೆ ಆಗಲೇ ಚಾಡಿ! ಮಗಳೇ, ಈ ಮೇಷ್ಟ್ರ ನಾಲಿಗೇನ ಕತ್ತರಿ ತಗೊಂಡು ಒಂಚೂರು ಕತ್ತರಿಸು." ಕಾಫಿ ಬಗ್ಗಿಸಿ ಕೊಟ್ಟು ಆಮೇಲೆ ಬೆರಳೆತ್ತಿ ಹೇಳಿದಳು: "ಕೇಳಿ ಇಬ್ಬರೂ. ಮೂರು ದಿನ ನೀವು ಈ ಓಣಿಗೆ ನೆಂಟರು. ಮೂರು ದಿನ ಈ ಮನೇಲಿ ಹೊಗೆ ಏಳಬಾರದು. ಊಟ ನಮ್ಮನೆಯಿಂದ ಬರುತ್ತೆ."

"ಅಯ್ಯೋ, ಯಾಕೆ ಖಾಲಾ ನಿಮಗೆ ತೊಂದ್ರೆ," ಎಂದಳು ನಜೀಹಾ.

ಸ್ಫಾಕ್ಸ್‌ನಲ್ಲಿ ಇಂಥ ಮಾತು ಎಲ್ಲರೂ ಆಡುತ್ತಾರೆ. ಒಬ್ಬರು ಬನ್ನಿ ಅನ್ನುವುದು, ಇನ್ನೊಬ್ಬರು ಬೇಡ ಅನ್ನುವುದು, ಅಲ್ಲಿಗೆ ಉಪಚಾರ ಮುಗಿಯಿತು. ಇದೂ ಹಾಗೆಯೇ ಎಂದುಕೊಂಡಳು. ಆ ಸಂಜೆ ಅನ್ನ, ಮಾಂಸದ ತಟ್ಟೆ ನಿಜವಾಗಿಯೂ ಬಂತು. ಒಂದು ದಿನದ ಔದಾರ್ಯ, ದೊಡ್ಡ ಮನಸ್ಸಿನವರು, ಎಂದು ಇಬ್ಬರೂ ಹೊಗಳಿಕೊಂಡು ಉಂಡರು.

ಭಾನುವಾರ ಬೆಳಿಗ್ಗೆ ಅವಳು ಅಂಗಳದಲ್ಲಿ ಪೆಟ್ಟಿಗೆಯ ಮೇಲೆ ಕೂತು ಸುಮ್ಮನೆ ಗೋಡೆ ನೋಡುತ್ತಿದ್ದಳು. ಶಾದ್ಲಿಗೆ ಅತ್ತೆ ಹೇಳಿ ಕಳಿಸಿದ್ದು ನೆನಪಾಯಿತು. ಸ್ಫಾಕ್ಸ್‌ನಲ್ಲಿ ಮದುವೆಯ ಮರುದಿನ ಹೆಣ್ಣುಗಂಡು ಒಂದು ದೊಡ್ಡ ಮೀನನ್ನು ಏಳು ಸಲ ದಾಟುತ್ತಾರೆ. ಮನೆ ತುಂಬಿರಲಿ, ಕಣ್ಣು ತಾಗದಿರಲಿ ಎಂದು. ನಜೀಹಾಳ ಮನೆಯವರು ಹೊಸ ಮನೆ ಹೊಕ್ಕಾಗಲೂ ಹೊಸ್ತಿಲಲ್ಲಿ ಹಾಗೇ ಮಾಡುತ್ತಾರೆ.

"ಏಳು. ಮೀನು ತರ್ತೀನಿ," ಎಂದ.

"ಇಲ್ಲೇನಾ? ನಗ್ತಾರೆ ಯಾರಾದ್ರೂ."

"ನಮ್ಮನೆ ಬಾಗಿಲು, ನಮ್ಮ ಮೀನು. ದಾಟದೇ ಇದ್ರೆ ಮನೆ ಛತ್ರ ಇದ್ದ ಹಾಗೆ ಅಂತ ನಿಮ್ಮಮ್ಮ ಫೋನಲ್ಲಿ ನನ್ನನ್ನೇ ಬಯ್ಯೋದು."

ಮೀನು ಮಾರುಕಟ್ಟೆಯಲ್ಲಿ ಹುಮೈದ್ ಎಂಬ ದೊಡ್ಡ ಮೀಸೆಯವನು ಒಂದು ಅಂಜಲ್ ಮೀನನ್ನು ಎತ್ತಿ ತೋರಿಸಿದ. ನೆಲಕ್ಕೆ ಬಾಲ ಊರಿದರೆ ಸೊಂಟದವರೆಗೆ ಬರುವಂಥದ್ದು. "ಎಷ್ಟು ಜನಕ್ಕೆ ಊಟ ಮೇಷ್ಟ್ರೇ?" ಎಂದು ಕೇಳಿದ. "ಇಬ್ಬರಿಗೆ," ಎಂದು ಶಾದ್ಲಿ ಹೇಳಿದಾಗ ಅವನು ಮೀಸೆಯಡಿ ಏನೋ ಗೊಣಗಿ ಮೀನನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ನಜೀಹಾ ಮೀನಿನ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದಳು. ನೀಲಿ ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲಿಗೆ ಅಡ್ಡ ಮಲಗಿಸಿದರು. ಆಮೇಲೆ ಹುರಿಯಲು ಒಲೆಯ ಮೇಲೆ ಎಣ್ಣೆ ಇಟ್ಟು, ಇಬ್ಬರೂ ಕೈ ಕೈ ಹಿಡಿದು ದಾಟತೊಡಗಿದರು. ಒಂದು, ಎರಡು, ಮೂರು. ಐದನೆಯದಕ್ಕೆ ಶಾದ್ಲಿಯ ಹಿಮ್ಮಡಿ ಮೀನಿಗೆ ತಾಗಿ ಜಾರಿ, ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ನಜೀಹಾ ಹೊಟ್ಟೆ ಹಿಡಿದು ನಕ್ಕಳು. ಊರು ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಆಗ ತಲೆಯ ಮೇಲೆ ಮುಚ್ಚಿದ ಹರಿವಾಣ ಹೊತ್ತು ಮುಜ್ನಾ ಓಣಿ ದಾಟಿ ಬಂದಳು. ನಿಂತಳು. ರಿಬ್ಬನ್ ಕಟ್ಟಿದ ಮೀನನ್ನು ನೋಡಿದಳು, ಒಳಗಿನಿಂದ ಬರುತ್ತಿದ್ದ ಕಾದ ಎಣ್ಣೆಯ ವಾಸನೆಗೆ ಮೂಗರಳಿಸಿದಳು.

"ಬನ್ನಿ ಖಾಲಾ, ಬನ್ನಿ!" ಎಂದು ಕರೆದಳು ನಜೀಹಾ.

ಮುಜ್ನಾ ಹರಿವಾಣ ಸಮೇತ ತಿರುಗಿ ಹೋದಳು. ಎದುರು ಬಾಗಿಲು ಮುಚ್ಚಿಕೊಂಡಿತು.

ಆ ಸಂಜೆ ಊಟ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೀನು ಇಬ್ಬರಿಗೆ ಮುಗಿಯುವಂಥದಲ್ಲ. ಉಳಿದದ್ದಕ್ಕೆ ನಜೀಹಾ ಉಪ್ಪು ಹಾಕಿಟ್ಟಳು.

ಸೋಮವಾರ ಶಾದ್ಲಿ ಅವಳನ್ನು ಊರು ತೋರಿಸಲು ಕರೆದುಕೊಂಡು ಹೋದ. ಶಾಲೆ ತೆರೆಯಲು ಇನ್ನೂ ದಿನಗಳಿದ್ದವು. ಅವನ ಕೊರಳಲ್ಲಿ ಅಣ್ಣನಿಂದ ಎರವಲು ತಂದ ಕ್ಯಾಮೆರಾ. ಮೊದಲು ಹಡಗು ಕಟ್ಟುವಲ್ಲಿಗೆ ಹೋದರು. ಅರ್ಧ ಕಟ್ಟಿದ ಮರದ ಹಡಗೊಂದು ಪಕ್ಕೆಲುಬು ಬಿಟ್ಟುಕೊಂಡು ಮರಳ ಮೇಲೆ ನಿಂತಿತ್ತು. ಸುತ್ತ ಕಲ್ಲಿಕೋಟೆಯಿಂದ ಬಂದ ತೇಗದ ಹೊಟ್ಟಿನ ವಾಸನೆ.

"ನಮ್ಮಲ್ಲಿ ಹಡಗಿಗೆ ಬಣ್ಣ ಬಳೀತಾರೆ. ಇವರು ಎಣ್ಣೆ ಹಚ್ಚಿ ಬಿಟ್ಟಿದಾರೆ," ಎಂದಳು.

"ಎಣ್ಣೇನೇ ಚೆಂದ ಕಾಣುತ್ತಪ್ಪ."

"ನಿನಗೆ ಕರಾರಿಗೆ ಸಹಿ ಹಾಕಿದ ದಿನದಿಂದ ಎಲ್ಲಾನೂ ಚೆಂದ."

ಅವನು ಮುಂದೆ ನಡೆದ. ಆದರೆ ಅವಳು ಅಲ್ಲಿಂದ ಬೇಗ ಕದಲಲಿಲ್ಲ. ಒಬ್ಬ ಮುದುಕ ಎರಡು ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಎಳೆಯನ್ನು ತುರುಕಿ ಉಳಿಯಿಂದ ಬಡಿಯುತ್ತಿದ್ದ. ಅವಳು ಅವನ ಕೈಯನ್ನೇ ನೋಡುತ್ತ ನಿಂತಳು. "ಇದು ಹೊಲಿಗೆಯೇ," ಎಂದಳು ಕೊನೆಗೆ, ಯಾರಿಗೆಂದಿಲ್ಲದೆ. ಶಾದ್ಲಿ ಆ ಕ್ಷಣದಲ್ಲಿ ಫೋಟೋ ತೆಗೆದ. ಅವಳ ಬೆನ್ನು ಮಾತ್ರ ಬಂದಿರುವ ಆ ಫೋಟೋ ಅವರ ಮನೆಯ ಗೋಡೆಯ ಮೇಲೆ ಈಗಲೂ ಇದೆ.

ಮಧ್ಯಾಹ್ನದ ಹೊತ್ತಿಗೆ ದೋಣಿ ಹತ್ತಿ ಎದುರು ದಂಡೆಯ ಅಯ್ಜಾಕ್ಕೆ ಹೊರಟರು, ದೀಪಸ್ತಂಭ ನೋಡಲು. ದೋಣಿಯಲ್ಲಿ ನಾಲ್ಕು ಹೆಂಗಸರಿದ್ದರು. ಒಬ್ಬಳು ನಗುನಗುತ್ತ ಕೇಳಿದಳು: "ಹೊಸ ಮೇಷ್ಟ್ರ ಮನೆಯವಳು ನೀನೇನಾ? ಮುಜ್ನಾ ಮನೆ ಎದುರಿಗೆ?"

"ಹೌದು," ಎಂದಳು ನಜೀಹಾ, ಮಾತು ಸಿಕ್ಕ ಖುಷಿಯಲ್ಲಿ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಆರಿತು. ಒಬ್ಬಳು ತನ್ನ ಬುಟ್ಟಿಯನ್ನು ಕಾಲ ಬಳಿಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. 

ದೀಪಸ್ತಂಭದ ಕೆಳಗೆ ಶಾದ್ಲಿ ಕ್ಯಾಮೆರಾ ಎತ್ತಿ "ನಗು" ಎಂದ.

"ನಾನು ಆ ಬುಟ್ಟೀನ ಕದೀತೀನಿ ಅಂದ್ಕೊಂಡ್ಲಾ ಅವಳು?"

"ಬಿಸಿಲಿಗೆ ಎತ್ತಿಟ್ಟಿರ್ತಾಳೆ."

"ಮಡಿಲಲ್ಲೇನು ನೆರಳಿತ್ತಾ ಶಾದ್ಲಿ?"

ಅವನು ಕ್ಯಾಮೆರಾದ ಗುಂಡಿ ಒತ್ತಿದ. ಆ ಫೋಟೋದಲ್ಲಿ ಅವಳು ನಕ್ಕಿಲ್ಲ.

ಮಂಗಳವಾರ ಅವನು ರಾಸ್ ಅಲ್ ಹದ್ದ್ ಎಂಬ ಕಡಲತೀರಕ್ಕೆ ಹೋಗೋಣ, ದೊಡ್ಡ ಆಮೆಗಳ ಜಾಡು ಮರಳ ಮೇಲೆ ಕಾಣುತ್ತದಂತೆ ಎಂದು ಕರೆದ. ಅವಳು ಬರಲಿಲ್ಲ, ಅವನೊಬ್ಬನೇ ಹೋದ. ಅಂಗಡಿಗೆ ಹೋಗಿ ಒಣದ್ರಾಕ್ಷಿ, ಈರುಳ್ಳಿ, ದಾಲ್ಚಿನ್ನಿ ತಂದಳು. ಈರುಳ್ಳಿ, ದ್ರಾಕ್ಷಿಯನ್ನು ಎಣ್ಣೆಯಲ್ಲಿ ಹಾಕಿ, ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ಕೂತು ಕೈಯಾಡಿಸಿದಳು. ಅದು ಸ್ಫಾಕ್ಸ್‌ನವರು ಹಬ್ಬಕ್ಕೆ ಉಪ್ಪುಮೀನಿನ ಜೊತೆ ತಿನ್ನುವ ಗೊಜ್ಜು. ಕಪ್ಪಗೆ, ಸಿಹಿಯಾಗಿ, ಜೇನಿನಂತೆ ಗಟ್ಟಿಯಾಗುವವರೆಗೆ ಕುದಿಯಬೇಕು. ಹಾಗೆ ಮಾಡಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಶಾದ್ಲಿ ಬಂದಾಗ ಕಟ್ಟೆಯ ಮೇಲೆ ಎರಡು ದೊಡ್ಡ ಭರಣಿ ತುಂಬಿದ್ದವು.

"ಹಬ್ಬ ಯಾವುದೂ ಇಲ್ವಲ್ಲ?" ಎಂದ.

"ನೀನೊಬ್ಬನೇ ಆದ್ರೆ ಏನು ತಿಂತೀಯ? ಬ್ರೆಡ್ಡಿಗೆ ಹಚ್ಕೊಂಡ್ರೂ ಆಗುತ್ತೆ."

ಅವನು ಭರಣಿಯ ಮುಚ್ಚಳವನ್ನು ತಿರುಗಿಸಿ ಮತ್ತೆ ಮುಚ್ಚಿದ. ಒಪ್ಪಂದದ ಪ್ರಕಾರ ಮುನಿಸಿಕೊಳ್ಳುವ ಹಾಗಿರಲಿಲ್ಲ. "ಒಳ್ಳೇ ಬಣ್ಣ ಬಂದಿದೆ," ಎಂದಷ್ಟೇ ಹೇಳಿದ.

"ನಿನ್ನ ತಪ್ಪಲ್ಲ," ಎಂದಳು ಅವಳು. "ಸೆಕೆ ತಡ್ಕೋತೀನಿ, ಈ ಉಪ್ಪುನೀರೂ ತಡ್ಕೋತೀನಿ. ಆದ್ರೆ ಬಾಗಿಲು ತೆಗೆದ್ರೆ ಎದುರಿಗೆ ಮುಚ್ಚಿದ ಬಾಗಿಲು. ನಾಲ್ಕು ವರ್ಷ ಅದನ್ನ ನೋಡೋಕಾಗಲ್ಲ ನನಗೆ."

ಬುಧವಾರ ಬೆಳಿಗ್ಗೆ ಅವಳು ಬಟ್ಟೆ ಮಡಚಲು ಕೂತಳು. ನೋಡಲಾರದೆ ಶಾದ್ಲಿ ಮಾರುಕಟ್ಟೆಗೆ ಹೋದ. ಹುಮೈದನ ಮುಂದೆ ಮೀನುಗಳು ಸಾಲಾಗಿ ಹೊಳೆಯುತ್ತಿದ್ದವು.

"ಇವತ್ತು ಮೀನಿಲ್ಲ ಮೇಷ್ಟ್ರೇ," ಎಂದ ಹುಮೈದ್.

"ಮತ್ತೆ ಇವೇನು?"

"ಇವು ತಿನ್ನೋ ಮೀನು. ಹೈಜಂಪಿನ ಮೀನು ಖಾಲಿಯಾಗಿದೆ."

ಪಕ್ಕದ ಅಂಗಡಿಗಳವರು ಗೊಳ್ಳೆಂದು ನಕ್ಕರು. ಶಾದ್ಲಿಯ ಕಿವಿ ಬಿಸಿಯಾಯಿತು. ಆದರೆ ಮೀನು ದಾಟಿದ್ದೇ ಈ ಮುನಿಸಿಗೆ ಕಾರಣವಿರಬೇಕೆಂಬ ಸುಳಿವು ಮೊದಲ ಸಲ ಸಿಕ್ಕಿತ್ತು. ಅವನು ಅದನ್ನು ಬಿಡಲಿಲ್ಲ. ಮೀನಿನ ಹಲಗೆಗೆ ಕೈಯೂರಿ ನಿಂತು ಕೇಳಿದ: "ನಾವೇನು ತಪ್ಪು ಮಾಡಿದ್ವಿ ಹುಮೈದ್? ಹೇಳಿಬಿಡಿ. ನನ್ನ ಹೆಂಡತಿ ಪೆಟ್ಟಿಗೆ ಕಟ್ತಾ ಇದಾಳೆ."

ಹುಮೈದನ ಮುಖದ ನಗು ಹೋಯಿತು. ಅವನು ಮುಜ್ನಾಳ ಮೈದುನ; ಆ ಅಂಜಲ್ ಹಿಡಿದು ತಂದದ್ದೂ ಅವನ ಅಣ್ಣ ಖಲ್ಫಾನನೇ. "ನಾಲ್ಕು ದಿನ ಸಮುದ್ರದಲ್ಲಿದ್ದು ಹಿಡ್ಕೊಂಡು ಬಂದ ಮೀನು ಮೇಷ್ಟ್ರೇ. ನಮ್ಮ ಮನೆ ಮಕ್ಕಳು ಬಲೆಯನ್ನೂ ದಾಟಲ್ಲ, ಸುತ್ತಿ ಹೋಗ್ತಾರೆ. ನೀವು ಅನ್ನದ ಮೇಲೆ ಕಾಲಿಟ್ಟು ನಗ್ತಾ ಇದ್ರಿ. ಅತ್ತಿಗೆ ಕಣ್ಣಾರೆ ನೋಡಿದ್ರು. ಅದಿರಲಿ, ಅದನ್ನಾದ್ರೂ ಪರದೇಶಿಗಳು ಅಂತ ನುಂಗಿಕೊಳ್ತಿದ್ರೇನೋ. ಮೂರು ದಿನ ಒಲೆ ಹಚ್ಚಬೇಡಿ ಅಂದಿದ್ರಲ್ಲ? ಅವರ ಅಡುಗೆ ನಿಮಗೆ ಸೇರಲಿಲ್ಲ ಅಂತ ಬಾಗಿಲು ತೆಗೆದಿಟ್ಟು ಊರಿಗೆಲ್ಲ ಸಾರಿದ ಹಾಗಾಯ್ತು."

ಶಾದ್ಲಿ ಓಡುತ್ತ ಬಂದು ಹೇಳಿದ. ನಜೀಹಾ ಮೊದಲು ಸಿಡಿದಳು. "ಕಾಲಿಟ್ವಾ? ಗೌರವಕ್ಕೆ ಅಲ್ವಾ ದಾಟಿದ್ದು! ನನ್ನಜ್ಜಿ, ಮುತ್ತಜ್ಜಿ ಎಲ್ಲರೂ ದಾಟಿದಾರೆ." ಆಮೇಲೆ ಎರಡನೆಯ ಮಾತು ತಲೆಗೆ ಇಳಿಯಿತು. ಆ ಬಿಸಿಲಲ್ಲಿ ಆ ಹೆಂಗಸು ತಲೆಯ ಮೇಲೆ ಹರಿವಾಣ ಹೊತ್ತು ಬಂದಿದ್ದಳು. ಒಳಗೆ ಎಣ್ಣೆ ಕಾಯುತ್ತಿತ್ತು. ನಜೀಹಾ ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದಳು.

"ಬಾ, ಇಬ್ಬರೂ ಹೋಗೋಣ," ಎಂದ ಶಾದ್ಲಿ.

"ಬೇಡ. ನೀನು ಬಂದ್ರೆ ನಿನ್ನ ಹತ್ರ ಎರಡು ಮಾತಾಡಿ ಮುಗಿಸಿಬಿಡ್ತಾರೆ. ಅವರು ನನ್ನನ್ನ ಬಯ್ಯಬೇಕು."

ಒಂದು ಬಟ್ಟಲಿಗೆ ಗೊಜ್ಜು ಬಗ್ಗಿಸಿ, ಬೇಯಿಸಿದ ಉಪ್ಪುಮೀನಿನ ತುಂಡುಗಳನ್ನು ಮೇಲಿಟ್ಟು ಓಣಿ ದಾಟಿದಳು. ಎದುರು ಬಾಗಿಲು ತಟ್ಟಿದಳು. ಮುಜ್ನಾ ಬಾಗಿಲು ಅರ್ಧ ತೆರೆದಳು.

"ಖಾಲಾ, ಬಯ್ಯೋಕೆ ಬಂದಿದೀನಿ. ಅಂದ್ರೆ, ಬಯ್ಸಿಕೊಳ್ಳೋಕೆ."

ಮುಜ್ನಾ ನಗಲಿಲ್ಲ. ಬಾಗಿಲನ್ನು ಮಾತ್ರ ಪೂರ್ತಿ ತೆರೆದಳು. ನಜೀಹಾ ಚಾಪೆಯ ತುದಿಯಲ್ಲಿ ಕೂತು ಎಲ್ಲ ಹೇಳಿದಳು. ಮದುವೆಯ ಮರುದಿನ ಅತ್ತೆ ಮೀನಿಗೆ ರಿಬ್ಬನ್ ಕಟ್ಟಿದ್ದು, ಅಮ್ಮ ಹೇಳಿ ಕಳಿಸಿದ್ದು, ಮೂರು ದಿನದ ಮಾತನ್ನು ಬಾಯುಪಚಾರ ಎಂದುಕೊಂಡದ್ದು. "ನಿಮ್ಮ ಅಡುಗೆ ಸೇರದೇ ಅಲ್ಲ ಖಾಲಾ. ಆ ಮಾಂಸದ ರುಚಿ ಇನ್ನೂ ನಾಲಿಗೆ ಮೇಲಿದೆ. ನಮ್ಮಲ್ಲಿ ಬಾ ಅಂದೋರು ನಿಜವಾಗ್ಲೂ ಮೂರು ದಿನ ಊಟ ಹಾಕಲ್ಲ."

"ಎಂಥಾ ಊರಪ್ಪ ಅದು," ಎಂದಳು ಮುಜ್ನಾ. ಬಟ್ಟಲಿನೊಳಗೆ ಬಗ್ಗಿ ನೋಡಿದಳು. "ಇದು?"

"ಅದೇ ಮೀನು. ಉಪ್ಪು ಹಾಕಿದ್ದು."

"ಉಪ್ಪು ಹಾಕೋದು ಗೊತ್ತು ಹಾಗಾದ್ರೆ." ಮುಜ್ನಾ ತುಂಡು ಮುರಿದು ಗೊಜ್ಜಿನಲ್ಲಿ ಅದ್ದಿ ಬಾಯಿಗಿಟ್ಟಳು. ಮುಖ ಸೊಟ್ಟಗಾಯಿತು. "ದ್ರಾಕ್ಷಿನಾ? ಮೀನಿಗೆ ದ್ರಾಕ್ಷಿ ಹಾಕಿದೀಯಾ? ಮಗಳೇ, ದಾಟಿದ್ದನ್ನಾದ್ರೂ ಕ್ಷಮಿಸಬಹುದು." ಆದರೆ ಕೈ ಮತ್ತೆ ಬಟ್ಟಲಿಗೆ ಹೋಯಿತು. ಮೂರನೆಯ ತುಂಡನ್ನು ಗೊಜ್ಜಿನಲ್ಲಿ ಎರಡು ಸಲ ಅದ್ದಿದಳು.

ಆಗ ನಜೀಹಾ ಉಳಿದದ್ದನ್ನೂ ಹೇಳಿದಳು. ಮಧ್ಯಾಹ್ನ ಊರಿಗೆ ಫೋನು ಮಾಡಬೇಕಿದೆ, ಬರ್ತೀನಿ ಅಂದರೆ ಕೆಲಸ ಉಳಿಯುತ್ತದೆ, ಪೆಟ್ಟಿಗೆ ಅರ್ಧ ಕಟ್ಟಿಯಾಗಿದೆ.

ಮುಜ್ನಾ ಹೋಗಬೇಡ ಎನ್ನಲಿಲ್ಲ. ಬೆರಳು ಒರೆಸಿಕೊಳ್ಳುತ್ತ ಕೂತಿದ್ದು ಆಮೇಲೆ ಹೇಳಿದಳು: "ನಾನು ಹದಿನಾರಕ್ಕೆ ಝಾಂಝಿಬಾರಿಂದ ಇಲ್ಲಿಗೆ ಮದುವೆಯಾಗಿ ಬಂದೆ. ಇಲ್ಲಿಯವರ ಮಾತೇ ಸರಿಯಾಗಿ ಬರ್ತಿರ್ಲಿಲ್ಲ. ಏನು ತಪ್ಪು ಮಾಡಿದ್ನೋ ಇವತ್ತಿಗೂ ಗೊತ್ತಿಲ್ಲ, ಒಂದು ಬೇಸಿಗೆ ಪೂರ್ತಿ ಈ ಓಣಿ ಹೆಂಗಸರು ನನ್ನ ಮಾತಾಡಿಸಲಿಲ್ಲ. ಒಬ್ಬರಾದ್ರೂ ಬಾಗಿಲಿಗೆ ಬಂದು, ಯಾಕಮ್ಮಾ ಹೀಗೆ ಮಾಡಿದೆ ಅಂತ ಕೇಳಬಾರದಿತ್ತಾ ಅಂತ ಅಳ್ತಿದ್ದೆ." ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಮೊನ್ನೆ ನಾನೂ ಕೇಳಲಿಲ್ಲ ನೋಡು. ಹರಿವಾಣ ತಿರುಗಿಸ್ಕೊಂಡು ಬಂದೆ. ನೀನು ಬಂದೆ."

ನಜೀಹಾಳ ಕಣ್ಣು ತುಂಬಿತು. ಮುಜ್ನಾ ಅದಕ್ಕೆ ಬಿಡುವು ಕೊಡದೆ ಎದ್ದಳು. "ಅಳೋದು ಆಮೇಲೆ. ಮೂರು ದಿನದ ಲೆಕ್ಕ ಇವತ್ತಿಂದ ಮತ್ತೆ ಶುರು. ನೀನಿದ್ರೆ ಇಬ್ಬರಿಗೆ ಕಳಿಸ್ತೀನಿ, ಇಲ್ಲಾಂದ್ರೆ ಮೇಷ್ಟ್ರೊಬ್ಬರಿಗೆ. ಮಧ್ಯಾಹ್ನದೊಳಗೆ ಹೇಳು, ಅಕ್ಕಿ ನೆನೆಹಾಕಬೇಕು."

ಫೋನಿನ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯಂಥ ಮೂರು ಕೋಣೆಗಳಿದ್ದವು. ಶಾದ್ಲಿ ಹೊರಗೆ ಗೋಡೆಗೆ ಅಂಟಿಸಿದ ಯಾವುದೋ ಪ್ರಕಟಣೆಯನ್ನು ಓದುತ್ತ ನಿಂತ. ಒಂದೇ ಸಾಲನ್ನು ಹತ್ತು ಸಲ ಓದಿರಬೇಕು. ಒಳಗೆ ವಸೀಲಾರ ದನಿ ದೂರದಿಂದ ಬಂತು.

"ಬರ್ತೀಯ ತಾನೇ? ಕುರ್ಚಿ ಒರೆಸಿ ಇಟ್ಟಿದೀನಿ."

ನಜೀಹಾ ಒಂದು ಕ್ಷಣ ಆ ಕುರ್ಚಿಯನ್ನು ಕಂಡಳು. ಕಿಟಕಿಯ ಪಕ್ಕದ್ದು, ಅಲ್ಲಿಂದ ಆಲಿವ್ ಮರದ ತುದಿ ಕಾಣುತ್ತಿತ್ತು. 

"ಬೇರೆಯವರನ್ನ ಕೂರಿಸಿ, ಮೇಡಂ."

"ಹುಚ್ಚೀ! ಅಲ್ಲಿ ಏನಿದೆ ಅಂತ?"

"ಇನ್ನೂ ಸರಿಯಾಗಿ ನೋಡಿಲ್ಲ. ಮೂರು ದಿನ ಊಟಕ್ಕೆ ಕರೆದಿದಾರೆ."

 ವಸೀಲಾ ನಕ್ಕರು. "ಊಟ ಚೆನ್ನಾಗಿದ್ರೆ ಕಾಗದ ಬರಿ," ಎಂದು ಫೋನಿಟ್ಟರು.

ಹೊರಗೆ ಬಂದಾಗ ಶಾದ್ಲಿ ಪ್ರಕಟಣೆಯಿಂದ ಮುಖ ತಿರುಗಿಸಲಿಲ್ಲ. "ಏನಂದ್ರು?"

"ಹುಚ್ಚಿ ಅಂದ್ರು. ನಡಿ, ಮೊದಲು ಖಾಲಾಗೆ ಇಬ್ಬರಿಗೂ ಅಕ್ಕಿ ನೆನೆಹಾಕಿ ಅಂತ ಹೇಳ್ಬೇಕು. ಆಮೇಲೆ ಬಟ್ಟೆ ಅಂಗಡಿ."

ನಗಬೇಕೋ ಅಳಬೇಕೋ ತಿಳಿಯದೆ ಅವನು ಕ್ಯಾಮೆರಾದ ಪಟ್ಟಿ ಸರಿಮಾಡಿಕೊಂಡನಂತೆ. ಸಂಜೆಯ ಬಿಸಿಲಲ್ಲಿ ಇಬ್ಬರೂ ಪೇಟೆಯ ಒಂದು ಅಂಗಡಿಯ ಮೆಟ್ಟಿಲು ಹತ್ತಿದರು. ಕಿಟಕಿಗಳಿಗೆ ಪರದೆ ಬೇಕಿತ್ತು. ಅಂಗಡಿಯವನು ಅಗ್ಗದ ತೆಳು ಬಟ್ಟೆಯೊಂದನ್ನು ಹರವಿದ. ನಜೀಹಾ ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿ ಪಕ್ಕಕ್ಕೆ ಸರಿಸಿದಳು.

"ಇದು ಎರಡು ಬೇಸಿಗೆಗೆ ಹರಿಯುತ್ತೆ. ಗಟ್ಟಿ ಬಟ್ಟೆ ತೋರಿಸಿ," ಎಂದಳು. "ನಾವು ಇಲ್ಲೇ ಇರೋರು."